ಟ್ರ್ಯಾಕ್ಟರ್ ಜನರೇಟರ್: ಗೇರ್‌ಬಾಕ್ಸೋ ಬೆಲ್ಟೋ, ಏಟು ತಡೆಯುವವರು ಯಾರು?

ಟ್ರ್ಯಾಕ್ಟರ್ ಹಿಂದೆ ಆಲ್ಟರ್ನೇಟರ್ ಕಟ್ಟಿ ಕರೆಂಟ್ ತೆಗೆಯಬೇಕು ಅಂದುಕೊಂಡವರು ಬಹುತೇಕ ಒಂದೇ ಪ್ರಶ್ನೆ ಕೇಳುತ್ತಾರೆ: "ಇಷ್ಟು ಕೆವಿಎ ನನ್ನ ಗಾಡಿ ಎಳೆಯುತ್ತದಾ?" (ಕೆವಿಎ ಎಂದರೆ ಆಲ್ಟರ್ನೇಟರಿನ ಸಾಮರ್ಥ್ಯದ ಅಳತೆ.) ಎಳೆಯುತ್ತದೆ, ಅದೇನೂ ದೊಡ್ಡ ಮಾತಲ್ಲ. ಹಾಗೆ ಎಳೆಯುತ್ತಿರುವಾಗ ಒಂದು ದಿನ ಪಿಟಿಒ ಶಾಫ್ಟಿನ (ಟ್ರ್ಯಾಕ್ಟರಿನ ಹಿಂದಿನ ತಿರುಗುವ ಮೂತಿಯೇ ಪಿಟಿಒ; ಅದರಿಂದ ಯಂತ್ರಕ್ಕೆ ಶಕ್ತಿ ಒಯ್ಯುವ ದಂಡ ಇದು) ಜಾಯಿಂಟಿನ ಕ್ರಾಸ್ ತುಂಡಾದರೆ ಅದನ್ನು ಬದಲಿಸಬಹುದು. ಏಟು ಇನ್ನೂ ಒಳಕ್ಕೆ ಹೋಗಿ ಟ್ರ್ಯಾಕ್ಟರಿನ ಹೊಟ್ಟೆಯಲ್ಲೇ ಒಂದು ಗೇರಿನ ಹಲ್ಲು ಹಾರಿದರೆ, ಜನರೇಟರ್ ಕಟ್ಟಿ ಉಳಿಸಿದ್ದೆಲ್ಲ ಆ ಒಂದು ಹಲ್ಲಿಗೇ ಹೋಯಿತು.

ಆದ್ದರಿಂದ ಯಾವ ಜೋಡಣೆ ಒಳ್ಳೆಯದು ಎಂದು ಕೇಳುವ ಮುಂಚೆ, ಟ್ರ್ಯಾಕ್ಟರಿಗೆ ಯಾವುದರಿಂದ ರಕ್ಷಣೆ ಬೇಕು ಎಂದು ಬಿಡಿಸಿಕೊಳ್ಳಬೇಕು. ನಾನು ಅದನ್ನು ಮೂರಾಗಿ ನೋಡುತ್ತೇನೆ: ಭಾರ, ಏಟು, ತಿರುಗೇಟು. ಭಾರ ಎಂದರೆ ಗಂಟೆಗಟ್ಟಲೆ ಮಿತಿ ಮೀರಿ ಎಳೆಯುವುದು. ಎಂಜಿನ್ ಬಿಸಿಯಾಗುತ್ತದೆ, ಹೊಗೆ ಕಪ್ಪಾಗುತ್ತದೆ, ನಿಮಗೆ ಗೊತ್ತಾಗಲು ಸಮಯವಿರುತ್ತದೆ. ಏಟು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ: ದೊಡ್ಡ ಮೋಟಾರ್ ಶುರುವಾಯಿತು, ಎಲ್ಲೋ ಎರಡು ಫೇಸ್ ತಾಗಿದವು, ಎಂಜಿನ್ ಜೋರಾಗಿದ್ದಾಗಲೇ ಯಾರೋ ಪಿಟಿಒ ಕ್ಲಚ್ ಬಿಟ್ಟರು. ತಿರುಗೇಟು ಇದರ ಉಲ್ಟಾ. ಎಂಜಿನ್ ವೇಗ ಇಳಿದರೂ ಆಲ್ಟರ್ನೇಟರಿನ ಭಾರದ ರೋಟರ್ ಇಳಿಯುವುದಿಲ್ಲ. ಅದೇ ಟ್ರ್ಯಾಕ್ಟರನ್ನು ತಿರುಗಿಸಲು ಹೋಗುತ್ತದೆ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಒಂದಕ್ಕೆ ಹಾಕಿದ ಮದ್ದು ಇನ್ನೊಂದಕ್ಕೂ ಆಗುತ್ತದೆ ಎಂದು ನಂಬಿದಲ್ಲೇ ಹೆಚ್ಚಿನ ಶಾಫ್ಟುಗಳು ಮುರಿಯುತ್ತವೆ.

ಇದರ ಜೊತೆಗೆ ನಿಮ್ಮ ಬಗ್ಗೆ ನೀವೇ ಉತ್ತರಿಸಿಕೊಳ್ಳಬೇಕಾದ ನಾಲ್ಕು ಸಂಗತಿಗಳಿವೆ. ವರ್ಷಕ್ಕೆ ಕೆಲವು ದಿನದ ತುರ್ತಿಗೋ, ದಿನವೂ ಗಂಟೆಗಟ್ಟಲೆಗೋ? ಓಡಿಸಬೇಕಾದದ್ದು ದೀಪ, ಹೀಟರಿನಂಥ ಸಾಧು ಲೋಡೋ, ಮೋಟಾರ್‌ಗಳೋ? ಟ್ರ್ಯಾಕ್ಟರಿನ ಪಿಟಿಒ ವೇಗ 540 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಮಾತ್ರ ಇದೆಯೋ, 1000 ಕೂಡ ಇದೆಯೋ? ಪುಲಿಗಳನ್ನು ಒಂದೇ ಗೆರೆಗೆ ತರುವ, ಬೇರಿಂಗ್ ಕೂರಿಸುವ ಕೈಚಳಕ ನಿಮಗೋ ನಿಮ್ಮ ಲೇತಿನವರಿಗೋ ಇದೆಯೋ?

ಲೆಕ್ಕ ಮೊದಲು

25 ಕೆವಿಎ ಆಲ್ಟರ್ನೇಟರನ್ನೇ ಉದಾಹರಣೆಗೆ ಹಿಡಿಯೋಣ. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾದ ಕೆಲಸಕ್ಕೆ ಬರುವ ಪಾಲು) 0.8 ಎಂದರೆ 20 ಕಿಲೋವ್ಯಾಟ್. ಆಲ್ಟರ್ನೇಟರಿನ ದಕ್ಷತೆ ಶೇ. 88, ಬೆಲ್ಟಿನಲ್ಲಿ ಶೇ. 5 ನಷ್ಟ ಎಂದುಕೊಂಡರೆ ಪಿಟಿಒ ತುದಿಯಲ್ಲಿ ಸುಮಾರು 24 ಕಿಲೋವ್ಯಾಟ್ ಬೇಕು, ಅಂದರೆ 32 ಎಚ್‌ಪಿ. ಎಂಜಿನ್ನನ್ನು ಹೊತ್ತುಗಟ್ಟಲೆ ತುತ್ತತುದಿಯಲ್ಲಿ ಓಡಿಸಬಾರದು. ಐದರಲ್ಲಿ ನಾಲ್ಕು ಪಾಲಿಗೆ ನಿಲ್ಲಿಸುವುದಾದರೆ 40 ಎಚ್‌ಪಿ. ಕಿಲೋವ್ಯಾಟಿಗೆ ಎರಡು ಎಚ್‌ಪಿ ಎಂಬ ರೂಢಿಯ ಲೆಕ್ಕಕ್ಕೆ ಇದು ಸರಿಯಾಗಿ ಕೂರುತ್ತದೆ. ನೆನಪಿರಲಿ, ಇದು ಪಿಟಿಒ ಎಚ್‌ಪಿ. ಬಾನೆಟ್ ಮೇಲೆ ಬರೆದದ್ದು ಎಂಜಿನ್ನಿನದು, ಅದು ಯಾವಾಗಲೂ ಇದಕ್ಕಿಂತ ಹೆಚ್ಚು.

ಈಗ ಟಾರ್ಕ್, ಅಂದರೆ ತಿರುಚುವ ಬಲ ನೋಡಿ. ಆ 24 ಕಿಲೋವ್ಯಾಟನ್ನು 540ರಲ್ಲಿ ಕೊಡುವಾಗ ಶಾಫ್ಟಿನ ಮೇಲೆ ಸುಮಾರು 425 ನ್ಯೂಟನ್ ಮೀಟರ್ ತಿರುಚು ಬೀಳುತ್ತದೆ. ಅದೇ ಕೆಲಸವನ್ನು 1000ದಲ್ಲಿ ಮಾಡಿದರೆ 230. ಹೆಚ್ಚೂಕಡಿಮೆ ಅರ್ಧ! ನಿಮ್ಮ ಗಾಡಿಯಲ್ಲಿ 1000 ಇದ್ದರೆ ಈ ಲೇಖನದ ಅರ್ಧ ಚಿಂತೆ ಅಲ್ಲೇ ಕಳೆಯಿತು. ಬೇರೆ ಯಾವ ಕ್ಲಚ್ಚೂ ಇಷ್ಟು ಸುಲಭವಾಗಿ ಶಾಫ್ಟಿನ ಹೊರೆ ಇಳಿಸುವುದಿಲ್ಲ.

ಇನ್ನು ವೇಗ. ನಾಲ್ಕು ಪೋಲಿನ (ಕಾಂತ ಧ್ರುವಗಳ) ಆಲ್ಟರ್ನೇಟರ್ 50 ಹರ್ಟ್ಜ್‌ಗೆ 1500, 60 ಹರ್ಟ್ಜ್‌ಗೆ 1800 ಆರ್‌ಪಿಎಂ ಕೇಳುತ್ತದೆ. ಎರಡು ಪೋಲಿನದು 3000 ಅಥವಾ 3600. 540ರಿಂದ 1500ಕ್ಕೆ ಏರಿಸಲು 2.78 ಪಟ್ಟು, 3000ಕ್ಕೆ 5.56 ಪಟ್ಟು. ಎರಡು ಪೋಲಿನದು ಹಗುರ, ಚಿಕ್ಕದು, ಅಗ್ಗವೂ ಹೌದು, ಆದ್ದರಿಂದ ಆಸೆಯಾಗುತ್ತದೆ. ಆದರೆ ರೋಟರಿನ ಜಡತ್ವ ಪಿಟಿಒ ತುದಿಗೆ ಬರುವಾಗ ಈ ಪಟ್ಟಿನ ವರ್ಗದಷ್ಟು ದೊಡ್ಡದಾಗುತ್ತದೆ. 2.78ಕ್ಕೆ ಅದು ಎಂಟರ ಹತ್ತಿರ, 5.56ಕ್ಕೆ ಮೂವತ್ತೊಂದು. ಕೈಯಲ್ಲಿ ಹಗುರವಾಗಿ ಕಂಡ ರೋಟರ್ ಟ್ರ್ಯಾಕ್ಟರಿನ ಕಣ್ಣಿಗೆ ದೊಡ್ಡ ಬೀಸುಕಲ್ಲು. ತಿರುಗೇಟಿನ ಬೇರು ಇಲ್ಲಿದೆ. ನಾನಂತೂ ನಾಲ್ಕು ಪೋಲಿನದನ್ನೇ ಹೇಳುತ್ತೇನೆ.

ಗೇರ್‌ಬಾಕ್ಸ್ ಜೊತೆಗೇ ಬರುವ ರೆಡಿಮೇಡ್ ಪಿಟಿಒ ಆಲ್ಟರ್ನೇಟರ್

ಮೂರು ಪಾಯಿಂಟ್ ಲಿಂಕಿಗೆ ಸಿಕ್ಕಿಸಿ, ಶಾಫ್ಟ್ ಹಾಕಿ, ಓಡಿಸುವುದು. ಅನುಪಾತ, ಎಣ್ಣೆ, ಬೇರಿಂಗ್, ಕವರ್ ಎಲ್ಲ ತಯಾರಕರೇ ನೋಡಿಕೊಂಡಿರುತ್ತಾರೆ. ಜಾಗ ಕಡಿಮೆ, ಜಾರಿಕೆ ಇಲ್ಲ, ಫ್ರೀಕ್ವೆನ್ಸಿ ಎಂಜಿನ್ನಿನಷ್ಟೇ ಸ್ಥಿರ. ಹಣ ಹೆಚ್ಚು.

ಇದರ ಗುಣವೇ ಇದರ ದೋಷ ಕೂಡ. ಗೇರ್ ಜಾರುವುದಿಲ್ಲವಾದ್ದರಿಂದ ವಿದ್ಯುತ್ ಬದಿಯಲ್ಲಿ ಬಿದ್ದ ಏಟು ಒಂದಿಷ್ಟೂ ಸೋರದೆ ಟ್ರ್ಯಾಕ್ಟರಿಗೆ ತಲುಪುತ್ತದೆ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಕೆವಿಎ ಎಷ್ಟು ಎಂಬುದಷ್ಟೇ ಅಲ್ಲ. ಜೊತೆಗೆ ಕೊಡುವ ಪಿಟಿಒ ಶಾಫ್ಟಿನಲ್ಲಿ ಟಾರ್ಕ್ ಲಿಮಿಟರ್ (ಏಟಿಗೆ ಮಿತಿ ಹಾಕುವ ಸಾಧನ) ಇದೆಯೇ, ಓವರ್‌ರನ್ನಿಂಗ್ ಕ್ಲಚ್ (ಒಂದೇ ದಿಕ್ಕಿಗೆ ಶಕ್ತಿ ದಾಟಿಸಿ ತಿರುಗೇಟು ತಡೆಯುವುದು) ಇದೆಯೇ ಎಂದೂ ಕೇಳಬೇಕು. ಇಲ್ಲದಿದ್ದರೆ ಅದರ ಖರ್ಚನ್ನೂ ಸೇರಿಸಿಯೇ ಬೆಲೆ ಹೋಲಿಸಬೇಕು.

ಬೆಲ್ಟಿನ ಜೋಡಣೆ, ಸ್ವಂತ ಕೈಯಿಂದ

ಕೈಯಲ್ಲಿ ಹಳೆಯ ಆಲ್ಟರ್ನೇಟರ್ ಇದ್ದು, ವೆಲ್ಡಿಂಗ್ ಬಲ್ಲವರಿಗೆ ಇದೇ ದಾರಿ. ಬೆಲ್ಟಿನ ದೊಡ್ಡ ಗುಣವೆಂದರೆ ಅದು ಏಟಿಗೆ ಸ್ವಲ್ಪ ಬಳುಕುತ್ತದೆ, ತೀರಾ ಜೋರಾದರೆ ಕಿರುಚಿ ಜಾರುತ್ತದೆ. ಆ ಕಿರುಚಾಟ ಪುಕ್ಕಟೆ ಸಿಕ್ಕ ಎಚ್ಚರಿಕೆಯ ಗಂಟೆ. ಆದರೆ ಜಾರುವ ಬೆಲ್ಟನ್ನೇ ರಕ್ಷಣೆ ಎಂದು ನೆಚ್ಚಿಕೊಂಡರೆ ಬೆಲ್ಟ್ ಸುಟ್ಟು ಪುಲಿ ಹೊಳಪಾಗಿ, ಆಮೇಲೆ ಸಾಮಾನ್ಯ ಲೋಡಿಗೂ ಜಾರತೊಡಗುತ್ತದೆ. ಹಲ್ಲಿನ ಟೈಮಿಂಗ್ ಬೆಲ್ಟ್ ಹಾಕಿದವರು ಈ ಗುಣವನ್ನೂ ಕಳೆದುಕೊಳ್ಳುತ್ತಾರೆ. ಏಟಿನ ಮಟ್ಟಿಗೆ ಅದು ಗೇರಿನಂತೆಯೇ.

ಅಳತೆ ಹೀಗೆ. ಆಲ್ಟರ್ನೇಟರಿಗೆ 200 ಮಿಲಿಮೀಟರ್ ಪುಲಿ ಹಾಕಿದರೆ 540ರ ಬದಿಗೆ ಲೆಕ್ಕದಂತೆ 556 ಮಿಲಿಮೀಟರ್. ವಿ-ಬೆಲ್ಟ್ ನೂರಕ್ಕೆ ಒಂದೆರಡು ಪಾಲು ಜಾರುವುದರಿಂದ ದೊಡ್ಡದನ್ನು 565ರ ಆಸುಪಾಸಿಗೆ ತೆಗೆದುಕೊಳ್ಳಬಹುದು. ಬೆಲ್ಟಿನ ವೇಗ ಸೆಕೆಂಡಿಗೆ 16 ಮೀಟರಿನ ಹತ್ತಿರ ಬರುತ್ತದೆ, ವಿ-ಬೆಲ್ಟಿಗೆ ಇದು ಹಿತವಾದ ವೇಗ. ಎರಡು ಶಾಫ್ಟುಗಳ ನಡುವಿನ ಅಂತರ ದೊಡ್ಡ ಪುಲಿಯ ವ್ಯಾಸಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ. ಹತ್ತಿರ ತಂದಷ್ಟೂ ಚಿಕ್ಕ ಪುಲಿಯನ್ನು ಬೆಲ್ಟ್ ಅಪ್ಪುವ ಭಾಗ ಕಡಿಮೆಯಾಗುತ್ತದೆ. ಎಷ್ಟು ಬೆಲ್ಟ್ ಎಂಬುದನ್ನು ತಯಾರಕರ ಕೋಷ್ಟಕ ನೋಡಿ ತೀರ್ಮಾನಿಸಿ, ಅಂದಾಜಿನಲ್ಲಿ ಬೇಡ. ಬದಲಿಸುವಾಗ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಹಳೆಯದರ ನಡುವೆ ಒಂದು ಹೊಸದನ್ನು ಹಾಕಿದರೆ ಎಲ್ಲರ ಪಾಲಿನ ಕೆಲಸವನ್ನೂ ಅದೊಂದೇ ಎಳೆದು ಸಾಯುತ್ತದೆ.

ಇಲ್ಲಿ ಎರಡು ತಪ್ಪುಗಳನ್ನು ಮತ್ತೆ ಮತ್ತೆ ನೋಡಿದ್ದೇನೆ. ಒಂದು, ದೊಡ್ಡ ಪುಲಿಯನ್ನು ನೇರವಾಗಿ ಟ್ರ್ಯಾಕ್ಟರಿನ ಪಿಟಿಒ ಮೂತಿಗೇ ಕೂರಿಸುವುದು. ಆ ಮೂತಿಯ ಬೇರಿಂಗ್ ತಿರುಗಿಸಲು ಇರುವುದು, ಬದಿಯಿಂದ ಎಳೆಸಿಕೊಳ್ಳಲು ಅಲ್ಲ. ಬಿಗಿದ ಬೆಲ್ಟುಗಳ ಎಳೆತಕ್ಕೆ ಮೊದಲು ಎಣ್ಣೆ ಸೀಲ್ ಸೋರುತ್ತದೆ, ಆಮೇಲೆ ಬೇರಿಂಗ್. ಪುಲಿ ಇರಬೇಕಾದದ್ದು ಫ್ರೇಮಿನ ಮೇಲೆ, ಎರಡು ಪ್ಲಮರ್ ಬ್ಲಾಕ್ (ಫ್ರೇಮಿಗೆ ಬಿಗಿಯುವ ಗೂಡಿನ) ಬೇರಿಂಗುಗಳ ನಡುವಿನ ತನ್ನದೇ ಶಾಫ್ಟಿನಲ್ಲಿ. ಟ್ರ್ಯಾಕ್ಟರಿಗೂ ಅದಕ್ಕೂ ನಡುವೆ ಪಿಟಿಒ ಶಾಫ್ಟ್. ಎರಡನೆಯದು, ಕಡಿಮೆಗೆ ಸಿಕ್ಕಿತೆಂದು ಸಿಂಗಲ್ ಬೇರಿಂಗ್ ಆಲ್ಟರ್ನೇಟರ್ ತರುವುದು. ಅದು ಎಂಜಿನ್ನಿನ ಫ್ಲೈವೀಲಿಗೆ ಡಿಸ್ಕಿನಿಂದ ಬಿಗಿಯಲೆಂದೇ ಮಾಡಿದ್ದು. ಅದರ ರೋಟರಿನ ಒಂದು ತುದಿಗೆ ಬೇರಿಂಗೇ ಇರುವುದಿಲ್ಲ. ಬೆಲ್ಟಿಗೆ ಎರಡು ಬೇರಿಂಗಿನದೇ ಬೇಕು, ಅದೂ ಪುಲಿಯ ಪಕ್ಕದೆಳೆತ ತಾಳುವಂಥದ್ದು.

ಲಾರಿಯ ಡಿಫರೆನ್ಶಿಯಲ್ ಉಲ್ಟಾ ಹಾಕುವ ಸಾಹಸದ ಬಗ್ಗೆಯೂ ಕೇಳುತ್ತಾರೆ. ಲೆಕ್ಕ ನಿಜಕ್ಕೂ ಚೆನ್ನಾಗಿದೆ. ಒಂದು ಬದಿಯ ಆಕ್ಸಲ್ ಬಂಧಿಸಿ ಇನ್ನೊಂದನ್ನು 540ರಲ್ಲಿ ತಿರುಗಿಸಿದರೆ, ಒಳಗಿನ ದೊಡ್ಡ ಹಲ್ಲುಚಕ್ರ ಕ್ರೌನ್ ವೀಲ್ 270ರಲ್ಲಿ ತಿರುಗಿ, 5.56ರ ಅನುಪಾತಕ್ಕೆ ಅದಕ್ಕೆ ಕೂಡಿದ ಚಿಕ್ಕ ಗೇರ್ ಪಿನಿಯನ್ ಸರಿಯಾಗಿ 1500 ಕೊಡುತ್ತದೆ. ಆದರೆ ಒಳಗಿನ ಚಿಕ್ಕ ಸ್ಪೈಡರ್ ಗೇರುಗಳು ತಿರುವಿನಲ್ಲಿ ಒಂದಷ್ಟು ತಿರುಗಲು ಇರುವಂಥವು, ಗಂಟೆಗಟ್ಟಲೆ ಪೂರ್ತಿ ಲೋಡ್ ಹೊರಲು ಅಲ್ಲ. ಗುಜರಿ ಸಾಮಾನು ಮನೆಯಲ್ಲೇ ಬಿದ್ದಿದ್ದು ಪ್ರಯೋಗದ ಹುಚ್ಚಿದ್ದರೆ ಮಾಡಿ ನೋಡಿ, ನೆಚ್ಚಿಕೊಳ್ಳಬೇಡಿ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪಿನಿಂದ ಮೋಟಾರ್ ತಿರುಗಿಸುವುದು ಏಟಿನ ದೃಷ್ಟಿಯಿಂದ ಅತಿ ಮೆದು, ಒತ್ತಡ ಮೀರಿದಾಗ ತೆರೆದುಕೊಳ್ಳುವ ರಿಲೀಫ್ ವಾಲ್ವೇ ರಕ್ಷಣೆ. ಆದರೆ ಸಿಗುವ ಶಕ್ತಿ ಸ್ವಲ್ಪ, ಎಣ್ಣೆಯ ಬಿಸಿಯಲ್ಲಿ ಕಳೆಯುವುದು ಬಹಳ. ನಾಲ್ಕು ದೀಪಕ್ಕೆ ಸಾಕು.

ಏಟು ತಡೆಯುವ ಸಾಧನಗಳು

ಶಿಯರ್ ಬೋಲ್ಟ್ ಎಲ್ಲಕ್ಕಿಂತ ಅಗ್ಗ. ಮಿತಿ ಮೀರಿದಾಗ ತಾನು ತುಂಡಾಗಿ ಉಳಿದದ್ದನ್ನು ಉಳಿಸುತ್ತದೆ. ತೊಂದರೆ ಏನೆಂದರೆ ಡೀಸೆಲ್ ಎಂಜಿನ್ನಿನ ಮಿಡಿತಕ್ಕೆ, ಜಾಯಿಂಟಿನ ನಡುಕಕ್ಕೆ ಅದು ದಿನದಿಂದ ದಿನಕ್ಕೆ ದಣಿದು, ಒಂದು ದಿನ ಏನೂ ಆಗದಿದ್ದರೂ ತುಂಡಾಗುತ್ತದೆ. ಆಗ ಮನುಷ್ಯ ಸ್ವಭಾವ ಕೈ ಹಾಕುತ್ತದೆ. ನಾನೂ ಒಮ್ಮೆ, ಎರಡು ಬೋಲ್ಟ್ ಹೋದ ಸಿಟ್ಟಿಗೆ, ಕೈಗೆ ಸಿಕ್ಕ ಗಟ್ಟಿ ಗ್ರೇಡಿನ ಬೋಲ್ಟ್ ಬಿಗಿದೆ. ಅದು ಮುರಿಯಲೇ ಇಲ್ಲ. ಬದಲಿಗೆ ಶಾಫ್ಟಿನ ಜಾಯಿಂಟಿನಲ್ಲಿ ಕ್ರಾಸನ್ನು ಹಿಡಿಯುವ ಕವೆ, ಯೋಕ್, ಬಿರುಕು ಬಿಟ್ಟಿತು. ತಯಾರಕರು ಹೇಳಿದ ಗ್ರೇಡಿನ ಬೋಲ್ಟುಗಳನ್ನೇ ಅರ್ಧ ಡಜನ್ ತಂದು ಟೂಲ್ ಬಾಕ್ಸಿನಲ್ಲಿ ಇಡುವ ಶಿಸ್ತು ಇದ್ದವರಿಗೆ ಮಾತ್ರ ಇದು ಸರಿ.

ಫ್ರಿಕ್ಷನ್ ಸ್ಲಿಪ್ ಕ್ಲಚ್ ತುಂಡಾಗುವುದಿಲ್ಲ, ಜಾರುತ್ತದೆ, ಏಟು ಹೋದಮೇಲೆ ಮತ್ತೆ ಹಿಡಿಯುತ್ತದೆ. ಮೋಟಾರ್ ಶುರುವಾಗುವ ಕ್ಷಣದ ಏಟಿಗೆ ಇದರಷ್ಟು ಹೊಂದುವುದು ಬೇರೆ ಇಲ್ಲ. ಅದು ಜಾರಬೇಕಾದ ಮಟ್ಟ ಪೂರ್ತಿ ಲೋಡಿನ ಟಾರ್ಕಿಗಿಂತ ಮೇಲೆ, ಸರಪಳಿಯಲ್ಲಿ ಅತಿ ದುರ್ಬಲವಾದ ಭಾಗದ ಮಿತಿಗಿಂತ ಕೆಳಗೆ ಇರಬೇಕು. ಆದರೆ ಇದು ಭಾರಕ್ಕೆ ಮದ್ದಲ್ಲ. ಕ್ಷಣದ ಜಾರಿಕೆಗೆ ಇರುವುದು ನಿಮಿಷಗಟ್ಟಲೆ ಜಾರಿದರೆ ಲೈನಿಂಗ್ ಸುಟ್ಟ ವಾಸನೆ ಬರುತ್ತದೆ. ಇನ್ನೊಂದು ಕಳ್ಳ ದೋಷ: ತಿಂಗಳುಗಟ್ಟಲೆ ಸುಮ್ಮನೆ ನಿಂತರೆ ತೇವಕ್ಕೆ ಪ್ಲೇಟುಗಳು ಅಂಟಿಕೊಂಡು, ಕ್ಲಚ್ ಇದ್ದೂ ಇಲ್ಲದಂತಾಗುತ್ತದೆ. ತುರ್ತಿಗೆಂದು ಮೂಲೆಯಲ್ಲಿಟ್ಟ ಜನರೇಟರಿಗೆ ಆಗುವುದೇ ಇದು. ಪ್ರತಿ ಬಾರಿ ಹೊರತೆಗೆದಾಗ ಸ್ಪ್ರಿಂಗಿನ ನಟ್ಟುಗಳನ್ನು ಎಷ್ಟು ಸುತ್ತು ಎಂದು ಎಣಿಸಿ ಸಡಿಲಿಸಿ, ಒಂದೆರಡು ಸುತ್ತು ಜಾರಿಸಿ, ಅಷ್ಟೇ ಸುತ್ತು ಮರಳಿ ಬಿಗಿಯಬೇಕು.

ಆಟೊಮ್ಯಾಟಿಕ್ ಕಟ್ಔಟ್ ಕ್ಲಚ್ ಮಿತಿ ಮೀರಿದಾಗ ಪೂರ್ತಿ ಬಿಟ್ಟುಕೊಡುತ್ತದೆ. ಪಿಟಿಒ ವೇಗ ಇಳಿಸಿದರೆ ತಾನೇ ಮತ್ತೆ ಕೂರುತ್ತದೆ. ಬೆಲೆ ಹೆಚ್ಚು. ಅದು ಬಿಟ್ಟಾಗ ಕರೆಂಟ್ ಪೂರ್ತಿ ಹೋಗುತ್ತದೆ, ನಿಮ್ಮ ಕೆಲಸ ಅದನ್ನು ಸಹಿಸಬೇಕು.

ಈ ಮೂರರಲ್ಲಿ ಯಾವುದೂ ತಿರುಗೇಟಿನ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಓವರ್‌ರನ್ನಿಂಗ್ ಕ್ಲಚ್ಚೇ ಬೇಕು, ಸೈಕಲ್ಲಿನ ಫ್ರೀವೀಲಿನ ಅಣ್ಣ. ಎಂಜಿನ್ ನಿಂತರೂ ರೋಟರ್ ತನ್ನ ಪಾಡಿಗೆ ತಿರುಗಿ ನಿಧಾನವಾಗಿ ನಿಲ್ಲುತ್ತದೆ. ಪಿಟಿಒ ಆಫ್ ಮಾಡಿದ ಕೂಡಲೇ ಬ್ರೇಕ್ ಹಿಡಿಯುವ ಟ್ರ್ಯಾಕ್ಟರುಗಳಲ್ಲಂತೂ ಇದಿಲ್ಲದೆ ಓಡಿಸುವುದು ಆ ಬ್ರೇಕಿಗೆ ಮಾಡುವ ದ್ರೋಹ. ಹಣ ಒಂದಕ್ಕೇ ಸಾಲುವುದಾದರೆ, ಗೇರ್‌ಬಾಕ್ಸಿನ ಜೋಡಣೆಗೆ ನಾನು ಮೊದಲು ಇದನ್ನು ಕೊಳ್ಳುತ್ತೇನೆ. ಏಟಿಗೆ ಬೇರೆ ಅಗ್ಗದ ದಾರಿ ಇದೆ, ಮುಂದೆ ಹೇಳುತ್ತೇನೆ. ರಬ್ಬರ್ ಕಪ್ಲಿಂಗ್ ಇದ್ದರೆ ಎಂಜಿನ್ನಿನ ಮಿಡಿತ ಮೆದುವಾಗುತ್ತದೆ, ಆದರೆ ಅದು ಮಿತಿ ಹಾಕುವ ಸಾಧನವಲ್ಲ.

ಪಿಟಿಒ ಶಾಫ್ಟನ್ನೂ ಮರೆಯಬಾರದು. ಜಾಯಿಂಟ್ 15 ಡಿಗ್ರಿ ಬಾಗಿದ್ದರೆ ಅದರಾಚೆಯ ವೇಗ ಪ್ರತಿ ಸುತ್ತಿಗೆ ಎರಡು ಬಾರಿ ಶೇ. 3.5ರಷ್ಟು ಏರಿಳಿಯುತ್ತದೆ, 25ಕ್ಕೆ ಶೇ. 10ರ ಹತ್ತಿರ. ಎರಡೂ ತುದಿಯ ಕೋನ ಸಮವಾಗಿದ್ದು ಯೋಕುಗಳು ಒಂದೇ ಸಾಲಿನಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಜನರೇಟರ್ ನಿಂತಲ್ಲೇ ನಿಲ್ಲುವ ಯಂತ್ರ, ಎತ್ತರ ಹೊಂದಿಸಿ ಶಾಫ್ಟನ್ನು ನೇರಕ್ಕೆ ತರದಿರಲು ನೆಪವೇ ಇಲ್ಲ. ಪ್ಲಾಸ್ಟಿಕ್ ಕವರ್ ಒಡೆದ ಶಾಫ್ಟ್ ಮಾತ್ರ ಬಳಸಲೇಬೇಡಿ: 540 ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು, ಬಟ್ಟೆಯ ತುದಿ ಸಿಕ್ಕರೆ ಕೈ ಎಳೆದುಕೊಳ್ಳಲೂ ಬಿಡುವಿರುವುದಿಲ್ಲ.

ಅಗ್ಗದ ರಕ್ಷಣೆ ತಂತಿಯ ತುದಿಯಲ್ಲಿದೆ

ಶಾಫ್ಟಿನ ಮೇಲೆ ಬೀಳುವ ದೊಡ್ಡ ಏಟುಗಳು ಹುಟ್ಟುವುದು ವಿದ್ಯುತ್ ಬದಿಯಲ್ಲೇ. ಅಲ್ಲೇ ತಡೆದರೆ ಹೆಚ್ಚಿನವು ಕಬ್ಬಿಣದವರೆಗೆ ಬರುವುದೇ ಇಲ್ಲ. ಕೆಲವರು ಒಳ್ಳೆಯ ಸ್ಲಿಪ್ ಕ್ಲಚ್ಚಿಗೆ ಧಾರಾಳವಾಗಿ ಖರ್ಚು ಮಾಡಿ ಬ್ರೇಕರಿನಲ್ಲಿ ಜಿಪುಣತನ ತೋರಿಸುತ್ತಾರೆ. ನನಗದು ಅರ್ಥವಾಗುವುದಿಲ್ಲ.

7.5 ಕಿಲೋವ್ಯಾಟಿನ ಮೋಟಾರ್ ತೆಗೆದುಕೊಳ್ಳಿ. ಓಡುವಾಗ ಸುಮಾರು 10 ಕೆವಿಎ. ನೇರವಾಗಿ ಶುರು ಮಾಡಿದರೆ ಆರು ಪಟ್ಟು ಕರೆಂಟ್, 60 ಕೆವಿಎ! ಆ ಹೊತ್ತಿಗೆ ಪವರ್ ಫ್ಯಾಕ್ಟರ್ 0.3ರ ಆಸುಪಾಸಿರುವುದರಿಂದ ನಿಜವಾದ ಕಿಲೋವ್ಯಾಟ್ 18 ಇರಬಹುದು. ಅಂದರೆ 25 ಕೆವಿಎ ಆಲ್ಟರ್ನೇಟರಿನ ವೋಲ್ಟೇಜ್ ಕುಸಿಯುತ್ತದೆ, ಜೊತೆಗೆ ಶಾಫ್ಟ್ ಒಂದೇ ಸಲಕ್ಕೆ ಸೊನ್ನೆಯಿಂದ ಹೆಚ್ಚೂಕಡಿಮೆ ಪೂರ್ತಿ ಲೋಡಿಗೆ ಜಿಗಿಯುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಆ ಕರೆಂಟನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಆದರೆ ಮೋಟಾರಿನ ಬಲವೂ ಅಷ್ಟೇ ಇಳಿಯುವುದರಿಂದ, ತುಂಬಿ ನಿಂತ ಯಂತ್ರವನ್ನು ಎಬ್ಬಿಸಲಾಗದೆ ಡೆಲ್ಟಾಕ್ಕೆ ಬದಲಾಗುವಾಗ ಮತ್ತೆ ಏಟು ಕೊಡಬಹುದು. ಸೆಂಟ್ರಿಫ್ಯೂಗಲ್ ಪಂಪು, ಫ್ಯಾನುಗಳಿಗೆ ಅದು ಸಾಕು. ಸಾಫ್ಟ್ ಸ್ಟಾರ್ಟರ್ ಇನ್ನೂ ಮೆದು. ಫ್ರೀಕ್ವೆನ್ಸಿ ಬದಲಿಸಿ ಮೋಟಾರಿನ ವೇಗ ಹಿಡಿಯುವ ವಿಎಫ್‌ಡಿ ಅತಿ ಮೆದು, ಸೊನ್ನೆಯಿಂದ ನಿಧಾನಕ್ಕೆ ಏರಿಸುತ್ತದೆ. ಆದರೆ ಅದು ಕರೆಂಟಿನ ಅಲೆಯನ್ನು ಕೆಡಿಸುವುದರಿಂದ ಆಲ್ಟರ್ನೇಟರಿನ ವೋಲ್ಟೇಜ್ ಕಾಯುವ ಎವಿಆರ್ ತಡಬಡಾಯಿಸದಿರಲು ಆಲ್ಟರ್ನೇಟರ್ ಸ್ವಲ್ಪ ದೊಡ್ಡದೇ ಇರಬೇಕು.

ಶಾರ್ಟ್ ಸರ್ಕ್ಯೂಟಿನ ಏಟು ಎಲ್ಲಕ್ಕಿಂತ ಕ್ರೂರ, ಸಾಮಾನ್ಯ ಟಾರ್ಕಿನ ಹಲವು ಪಟ್ಟು ಕ್ಷಣಮಾತ್ರದಲ್ಲಿ ಬೀಳುತ್ತದೆ. ಮೊದಲ ಪೆಟ್ಟನ್ನು ಬ್ರೇಕರ್ ತಡೆಯಲಾರದು, ಅದಕ್ಕೇ ಸ್ಲಿಪ್ ಕ್ಲಚ್ಚೋ ಬೆಲ್ಟೋ ಬೇಕಾಗುವುದು. ಆದರೆ ಪೆಟ್ಟಿನ ಮೇಲೆ ಪೆಟ್ಟು ಬೀಳದಂತೆ ಮಾಡುವುದು ಬ್ರೇಕರಿನ ಕೆಲಸ. ಇಲ್ಲೊಂದು ಮೋಸವಿದೆ: ಚಿಕ್ಕ ಆಲ್ಟರ್ನೇಟರ್ ಗ್ರಿಡ್ಡಿನಂತೆ ಭಾರೀ ಶಾರ್ಟ್ ಕರೆಂಟ್ ಕೊಡಲಾರದು, ತಾನೇ ಕುಸಿಯುತ್ತದೆ. ಸಿ ಮಾದರಿಯ ಬ್ರೇಕರ್ ಥಟ್ಟನೆ ಬೀಳಲು ತನ್ನ ರೇಟಿಂಗಿನ 5ರಿಂದ 10 ಪಟ್ಟು ಬೇಕು, ಅಷ್ಟು ಬರುವುದೇ ಇಲ್ಲ. ಬಿ ಮಾದರಿಯದು 3ರಿಂದ 5 ಪಟ್ಟಿಗೆ ಬೀಳುತ್ತದೆ. ರೇಟಿಂಗ್ ಆಲ್ಟರ್ನೇಟರಿನ ಆಂಪಿಯರಿಗೆ ಸರಿಯಾಗಿರಲಿ. "ಪದೇ ಪದೇ ಬೀಳುತ್ತೆ" ಎಂದು ದೊಡ್ಡದು ಹಾಕಿದರೆ ಗಟ್ಟಿ ಶಿಯರ್ ಬೋಲ್ಟಿನ ಕಥೆಯೇ.

ಭಾರಕ್ಕೆ ಮದ್ದು ಫ್ರೀಕ್ವೆನ್ಸಿ. ಅದು ಟ್ರ್ಯಾಕ್ಟರಿನ ನಾಡಿ. ಮೆಕ್ಯಾನಿಕಲ್ ಗವರ್ನರ್ (ವೇಗ ಕಾಯುವ ಸಾಧನ) ಇರುವ ಎಂಜಿನ್ ಲೋಡ್ ಏರಿದಂತೆ ಸ್ವಲ್ಪ ಇಳಿಯುತ್ತದೆ, ಆದ್ದರಿಂದ 50 ಹರ್ಟ್ಜ್ ವ್ಯವಸ್ಥೆಯಲ್ಲಿ ಖಾಲಿ ಇರುವಾಗ 52ಕ್ಕೆ ಇಟ್ಟರೆ ಲೋಡಿನಲ್ಲಿ 50ರ ಹತ್ತಿರ ಬಂದು ನಿಲ್ಲುತ್ತದೆ. 48ಕ್ಕೆ ಇಳಿಯಿತೆಂದರೆ ಗಾಡಿ ಏದುಸಿರು ಬಿಡುತ್ತಿದೆ. ಆ ಮಟ್ಟಕ್ಕೆ ಒಂದು ಅಂಡರ್ ಫ್ರೀಕ್ವೆನ್ಸಿ ರಿಲೇ ಹೊಂದಿಸಿ ಲೋಡ್ ಕಳಚುವಂತೆ ಮಾಡಿದರೆ ಭಾರದ ಚಿಂತೆ ಬಿಡಬಹುದು. ಮನೆಯ ವೈರಿಂಗಿಗೆ ಕೊಡುವವರು ಚೇಂಜ್‌ಓವರ್ ಸ್ವಿಚ್ಚಿನ ಮೂಲಕವೇ ಕೊಡಬೇಕು, ಅರ್ತಿಂಗ್ ಸರಿಯಾಗಿರಬೇಕು. ಈ ಭಾಗವನ್ನು ಎಲೆಕ್ಟ್ರಿಷಿಯನ್ನರಿಗೆ ಬಿಡಿ.

ಯಾರಿಗೆ ಯಾವುದು

ವರ್ಷಕ್ಕೆ ಕೆಲವು ದಿನ, ದೀಪ-ಫ್ರಿಜ್ಜು-ಒಂದು ಚಿಕ್ಕ ಪಂಪು ಅಷ್ಟೇ ಎನ್ನುವವರು ಬೆಲ್ಟಿನ ಜೋಡಣೆ, ಬಿ ಮಾದರಿಯ ಬ್ರೇಕರ್, ಫ್ರೀಕ್ವೆನ್ಸಿ ಮೀಟರ್ ಇಷ್ಟರಲ್ಲಿ ಮುಗಿಸಬಹುದು. ಪಿಟಿಒ ಬ್ರೇಕ್ ಇರುವ ಗಾಡಿಯಾದರೆ ಓವರ್‌ರನ್ನಿಂಗ್ ಕ್ಲಚ್ಚನ್ನೂ ಸೇರಿಸಿ. ಬೆಲ್ಟ್ ಹೊಂದಿಸುವ ತಾಳ್ಮೆ ಇಲ್ಲದವರಿಗೆ, ಬೇರೆ ಬೇರೆ ಕಡೆ ಒಯ್ಯುವವರಿಗೆ ರೆಡಿಮೇಡ್ ಗೇರ್‌ಬಾಕ್ಸಿನದು, ಓವರ್‌ರನ್ನಿಂಗ್ ಕ್ಲಚ್ ಸಮೇತ.

ದೊಡ್ಡ ಮೋಟಾರ್ ಓಡಿಸಲೇಬೇಕಾದವರು ಮೊದಲು ಸಾಫ್ಟ್ ಸ್ಟಾರ್ಟರಿಗೆ ಹಣ ತೆಗೆದಿಡಿ. ಉಳಿದದ್ದರಲ್ಲಿ ಸ್ಲಿಪ್ ಕ್ಲಚ್ ಮತ್ತು ಓವರ್‌ರನ್ನಿಂಗ್ ಎರಡೂ ಸೇರಿದ ಶಾಫ್ಟ್. 1000 ಆರ್‌ಪಿಎಂ ಇದ್ದರೆ ಕಣ್ಣುಮುಚ್ಚಿ ಅದನ್ನೇ ಬಳಸಿ, 1500ಕ್ಕೆ ಒಂದೂವರೆ ಪಟ್ಟು ಏರಿಸಿದರೆ ಆಯಿತು. ಎಕಾನಮಿ 540 (ಎಂಜಿನ್ ನಿಧಾನದಲ್ಲಿರುವಾಗಲೇ ಪಿಟಿಒಗೆ 540 ಕೊಡುವ ಗೇರ್) ಇರುವವರು ಹಗುರ ಲೋಡಿಗಷ್ಟೇ ಅದನ್ನಿಟ್ಟುಕೊಳ್ಳಿ. ಎಂಜಿನ್ ನಿಧಾನದಲ್ಲಿದ್ದು ಏಟು ಬಿದ್ದರೆ ಚೇತರಿಸಿಕೊಳ್ಳಲು ಅದರ ಬಳಿ ಉಸಿರು ಕಡಿಮೆ. ದಿನವೂ ಗಂಟೆಗಟ್ಟಲೆ ಬೇಕೆನ್ನುವವರಿಗೆ ಈ ಯಾವುದೂ ಬೇಡ. ತನ್ನದೇ ಎಂಜಿನ್ನಿನ ಜನರೇಟರ್ ಕೊಳ್ಳಿ, ಟ್ರ್ಯಾಕ್ಟರ್ ಹೊಲಕ್ಕೆ ಹೋಗಲಿ.

ಯಾವುದನ್ನೇ ಕಟ್ಟಿದರೂ ಮೊದಲ ಓಟ ಹೀಗಿರಲಿ. ಬ್ರೇಕರ್ ಇಳಿಸಿ, ಎಂಜಿನ್ ಐಡಲಿನಲ್ಲಿ ಇಟ್ಟು ಪಿಟಿಒ ಹಾಕಿ, ನಿಧಾನಕ್ಕೆ ವೇಗ ಏರಿಸಿ, ಫ್ರೀಕ್ವೆನ್ಸಿ ನಿಂತಮೇಲೆ ಬ್ರೇಕರ್ ಏರಿಸಿ. ಹೀಟರುಗಳನ್ನು ಒಂದೊಂದಾಗಿ ಜೋಡಿಸುತ್ತಾ ಅರ್ಧ ಲೋಡಿಗೆ ಅರ್ಧ ಗಂಟೆ ಬಿಡಿ, ಮೋಟಾರ್ ಬೇಡ. ಆಮೇಲೆ ಇದೇ ಕ್ರಮವನ್ನು ಹಿಂದಿನಿಂದ ಮುಂದಕ್ಕೆ ಮಾಡಿ, ಎಲ್ಲವೂ ಪೂರ್ತಿ ನಿಂತು ಕೀ ತೆಗೆದಮೇಲೆ ಬೇರಿಂಗ್, ಕ್ರಾಸ್, ಪುಲಿಗಳ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುವ ಜಾಗ ಒಂದಿದ್ದರೂ ಅಲ್ಲಿ ಗೆರೆ ತಪ್ಪಿದೆ ಅಥವಾ ಜಾರುತ್ತಿದೆ. ಪೂರ್ತಿ ಲೋಡ್ ಹಾಕುವುದು ಅದನ್ನು ಸರಿಪಡಿಸಿದ ಮೇಲೆ.